ಆಲಸ್ಯವೆಂದು ನಿವೇದಿಸಿಕೊಂಡದ್ದು

ಪ್ರಾರ್ಥನೆಯ ನಡುವೆ ನಾನು ಮೊದಲ ಸಲ ನಿದ್ದೆ ಹೋದಾಗ ಅತ್ತೆ ಅದನ್ನು ಭಕ್ತಿ ಅಂದುಕೊಂಡರು. ಸಂಜೆಯ ಜಪಸರ ಮುಗಿದು ಉಳಿದವರು ಎದ್ದ ಮೇಲೂ ನಾನು ಮೊಣಕಾಲೂರಿ, ಮಂಚದ ಅಂಚಿಗೆ ಹಣೆ ಕೊಟ್ಟು ಹಾಗೇ ಇದ್ದೆನಂತೆ. ಅತ್ತೆ ತುಟಿಯ ಮೇಲೆ ಬೆರಳಿಟ್ಟು ನನ್ನ ಗಂಡನಿಗೆ, “ಶಬ್ದ ಮಾಡಬೇಡ, ಅವಳು ಮಾತೆಯ ಹತ್ರ ಏನೋ ಕೇಳ್ತಿದ್ದಾಳೆ” ಅಂದರಂತೆ. ನಾನು ಏನೂ ಕೇಳುತ್ತಿರಲಿಲ್ಲ. ಗೊರಕೆ ಬಂದ ಮೇಲೆ ಅವರಿಗೂ ಅದು ಗೊತ್ತಾಯಿತು.

ನಾವಿರುವುದು ಅಮ್ಮತ್ತಿಯಿಂದ ಸ್ವಲ್ಪ ಒಳಗೆ, ಒಂದು ಕಾಫಿ ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ. ನನ್ನ ಗಂಡ ಜೋಸೆಫ್ ಅಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಕರೆಯುವುದರಿಂದ ಹಿಡಿದು ಸಂಜೆ ಪಿಕ್ಕಿಂಗ್ ತೂಕ, ಅಂದರೆ ಕೊಯ್ದ ಕಾಫಿ ಹಣ್ಣಿನ ತೂಕ, ಬರೆಯುವವರೆಗೆ ಎಲ್ಲ ಅವರದೇ ಕೆಲಸ. ಮಗಳು ಮದುವೆಯಾಗಿ ಮೈಸೂರಿಗೆ ಹೋದ ಮೇಲೆ ಮನೆಯಲ್ಲಿ ನಾವು ಮೂವರೇ. ಅತ್ತೆಯನ್ನು ನಾನೂ ಅಮ್ಮಚ್ಚಿ ಅಂತಲೇ ಕರೆಯುವುದು. ಎಂಬತ್ತು ದಾಟಿದವರು. ಸಿಟ್ಟು ಬಂದರೆ ಮಲಯಾಳ, ಪ್ರಾರ್ಥನೆಗೆ ಕನ್ನಡ, ಬೆಕ್ಕನ್ನು ಬೈಯಲು ತಮಿಳು.

ಬೆಳಗಿನ ಐದಕ್ಕೆ ಏಳುವುದು ನನಗೆ ತವರಿನಿಂದ ಬಂದದ್ದು. ಶಿರಂಗಾಲದ ಕಡೆಯ ನಮ್ಮ ಮನೆಯಲ್ಲಿ ಅಮ್ಮ ಹಾಲು ಕರೆಯುವ ಮೊದಲೇ ನಮ್ಮನ್ನೆಲ್ಲ ಎಬ್ಬಿಸಿ ಮನೆಯ ದೇವರ ಪೀಠದ ಮುಂದೆ ಕೂರಿಸುತ್ತಿದ್ದರು. ಯಾರಾದರೂ ಗೋಡೆಗೆ ಒರಗಿದರೆ ಒದ್ದೆ ಕೈ ತಂದು ಕತ್ತಿನ ಮೇಲಿಡುತ್ತಿದ್ದರು. ಮದುವೆಯಾಗಿ ಬಂದ ಮೇಲೂ ನನ್ನದು ಅದೇ ಕ್ರಮ. ಮುಖ ತೊಳೆದು, ಮೇಣದಬತ್ತಿ ಹಚ್ಚಿ, ಮಡಚಿದ ಗೋಣಿಯ ಮೇಲೆ ಮೊಣಕಾಲೂರಿ, ಆ ದಿನದ ಶುಭಸಂದೇಶ ಓದಿ, ಆಮೇಲೆ ಸ್ವಲ್ಪ ಹೊತ್ತು ಏನೂ ಹೇಳದೆ ಇರುವುದು. ಹಾಗೆ ಸುಮ್ಮನಿದ್ದಾಗ ಎದೆಯೊಳಗೆ ಬೆಚ್ಚಗಿನದೊಂದು ಜಾಗ ತೆರೆದ ಹಾಗಾಗುತ್ತಿತ್ತು. ದಿನವೂ ಅಲ್ಲ, ಆದರೆ ಆಗಾಗ. ಅದನ್ನು ನಾನು ದೇವರು ಅಂದುಕೊಂಡಿದ್ದೆ. ಭಾನುವಾರದ ತರಗತಿಯ ಮಕ್ಕಳಿಗೂ ಹಾಗೇ ಹೇಳಿಕೊಡುತ್ತಿದ್ದೆ: ದಿನಾ ಕೂತರೆ ಅವನು ಬರುತ್ತಾನೆ, ನೀವು ಕೂರಬೇಕು ಅಷ್ಟೇ ಅಂತ.

ಜಪಸರದಲ್ಲಿ ನಿದ್ದೆ ಹೋದ ಆ ಮಳೆಗಾಲದಿಂದ ಕೂರಲು ಆಗದೆ ಹೋಯಿತು. ಏಳಲಿಕ್ಕೇ ಆಗುತ್ತಿರಲಿಲ್ಲ. ಅಲಾರಂ ಕೂಗುವುದು ಕೇಳುತ್ತಿತ್ತು, ಕೈ ಹೋಗುತ್ತಿರಲಿಲ್ಲ. ಹೋದರೂ ಅದನ್ನು ಆರಿಸಲಿಕ್ಕೆ ಹೋಗುತ್ತಿತ್ತು. ಎದ್ದು ಪೀಠದ ಮುಂದೆ ಕೂತ ದಿನ ಒಂದು ವಾಕ್ಯ ಓದಿ ಮುಗಿಸುವಷ್ಟರಲ್ಲಿ ಅದರ ಶುರು ಮರೆತುಹೋಗುತ್ತಿತ್ತು. ಮೈಯೆಲ್ಲ ಚಳಿ. ನಮ್ಮ ಕಡೆ ಮಳೆಗಾಲದಲ್ಲಿ ಚಳಿ ಅಂದರೆ ಯಾರೂ ತಿರುಗಿ ನೋಡುವುದಿಲ್ಲ, ಎಲ್ಲರಿಗೂ ಇರುವುದೇ. ಆದರೆ ಮಳೆ ನಿಂತು ಕಣದಲ್ಲಿ ಕಾಫಿ ಒಣಗಲು ಹಾಕುವ ಬಿಸಿಲು ಬಂದ ಮೇಲೂ ನಾನು ಸ್ವೆಟರ್ ಬಿಚ್ಚಲಿಲ್ಲ. ಪಕ್ಕದ ತೋಟದ ದೇಚಕ್ಕ ಬೇಲಿಯ ಆಚೆಯಿಂದಲೇ ಕೇಳಿದರು.

“ಏನು ತೆರೇಸಾ, ಊಟಿಗೆ ಹೋಗುವವಳ ಹಾಗೆ?”

“ಚಳಿ ಅಕ್ಕ.”

“ಚಳಿ ಅಲ್ಲ, ನಿನ್ನ ಮುಖ ನೋಡು, ಬೇಕರಿ ಬನ್ ಹಾಗೆ ಆಗಿದೆ. ಚೆನ್ನಾಗಿ ತಿಂತಿದ್ದೀಯಾ ಅಂತ ಗೊತ್ತಾಗ್ತದೆ.”

ನಾನು ಏನೂ ತಿನ್ನುತ್ತಿರಲಿಲ್ಲ. ಅದೂ ಒಂದು ಗೊಂದಲ. ತಿನ್ನದೆ ದಪ್ಪವಾಗುತ್ತಿದ್ದೆ, ಮಲಗಿ ಎದ್ದರೂ ಸುಸ್ತಾಗುತ್ತಿತ್ತು. ಬಾಚಣಿಗೆ ತುಂಬ ಕೂದಲು. ಬೆರಳಿನ ಉಂಗುರ ಸೋಪು ಹಚ್ಚಿದರೂ ಬರುತ್ತಿರಲಿಲ್ಲ. ವಯಸ್ಸಿನದು, ಮುಟ್ಟು ನಿಲ್ಲುವ ಕಾಲದ್ದು ಅಂದುಕೊಂಡೆ. ಮೈಯ ವಿಷಯಕ್ಕೆ ಅಷ್ಟು ಸಮಾಧಾನ ಸಾಕಾಗಿತ್ತು. ಆದರೆ ಬೆಳಗಿನ ಪ್ರಾರ್ಥನೆ ತಪ್ಪಿದ್ದಕ್ಕೆ ವಯಸ್ಸಿನ ನೆಪ ಹೇಳಲು ಮನಸ್ಸು ಒಪ್ಪಲಿಲ್ಲ. ಅದಕ್ಕೆ ನನಗೆ ಗೊತ್ತಿದ್ದ ಹೆಸರು ಒಂದೇ. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಏಳು ಮೂಲ ಪಾಪಗಳಲ್ಲಿ ಕೊನೆಯದು, ಆಲಸ್ಯ.

ಹಾಗಾಗಿ ನಾನು ಡಾಕ್ಟರ ಹತ್ತಿರ ಹೋಗಲಿಲ್ಲ, ಪಾಪನಿವೇದನೆಗೆ ಹೋದೆ.

ತಿಂಗಳ ಮೊದಲ ಶುಕ್ರವಾರ ನಮ್ಮ ಚರ್ಚಿನಲ್ಲಿ ಪೂಜೆಗೆ ಮುಂಚೆ ಫಾದರ್ ನಿವೇದನೆಯ ಗೂಡಿನಲ್ಲಿ ಕೂರುತ್ತಾರೆ. ಜಾಲರಿಯ ಆಚೆ ಅವರು, ಈಚೆ ನಾವು. “ಫಾದರ್, ಆಲಸ್ಯ ಮಾಡಿದೆ. ಬೆಳಗಿನ ಪ್ರಾರ್ಥನೆ ಬಿಟ್ಟೆ” ಅಂದೆ. ಮುಂದಿನ ತಿಂಗಳೂ ಅದೇ. ಅದರ ಮುಂದಿನ ತಿಂಗಳೂ ಅದೇ. ಫಾದರ್ ಒಳ್ಳೆಯವರು, ಎಪ್ಪತ್ತರ ಹತ್ತಿರದವರು. ಪ್ರಾರ್ಥನೆಯಲ್ಲಿ ಶುಷ್ಕತೆ ಎಲ್ಲರಿಗೂ ಬರುತ್ತದೆ, ಸಂತರಿಗೂ ಬಂದಿದೆ, ಮನಸ್ಸಿಲ್ಲದಿದ್ದರೂ ಕ್ರಮ ಬಿಡಬೇಡ, ಇನ್ನೂ ಸ್ವಲ್ಪ ಹೆಚ್ಚೇ ಮಾಡು ಅಂದರು. ನಾನು ಹೆಚ್ಚು ಮಾಡಲು ಹೊರಟೆ. ಐದರ ಅಲಾರಂ ನಾಲ್ಕೂವರೆಗೆ ಇಟ್ಟೆ. ಮಧ್ಯಾಹ್ನ ಐದು ನಿಮಿಷ ಕಣ್ಣು ಮುಚ್ಚುತ್ತಿದ್ದುದನ್ನು ಬಿಟ್ಟೆ. ಬಿಸಿನೀರು ಬಿಟ್ಟು ತಣ್ಣೀರಿನಲ್ಲಿ ಮುಖ ತೊಳೆದೆ. ಇದರಿಂದ ಏನಾಗುತ್ತಿತ್ತು ಅಂದರೆ, ಬೇಗ ಎದ್ದು ಬೇಗ ನಿದ್ದೆ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಜೋಸೆಫ್ ಹಾಜರಿಗೆ ಹೊರಡುವಾಗ ನೋಡಿದರೆ ಮೇಣದಬತ್ತಿ ಉರಿದು ಮುಗಿದು, ಪೀಠದ ಬಟ್ಟೆಯ ಅಂಚು ಕಪ್ಪಾಗಿತ್ತು. ನಾನು ಪಕ್ಕದಲ್ಲೇ ಗೋಣಿಯ ಮೇಲೆ ಮುದುಡಿ ಮಲಗಿದ್ದೆ.

“ಮನೆ ಸುಟ್ಟು ಪರಲೋಕಕ್ಕೆ ಹೋಗುವುದಾದರೆ ನಮಗೂ ಒಂದು ಮಾತು ಹೇಳು” ಅಂದರು. ತಮಾಷೆಗೇ ಅಂದದ್ದು. ಆದರೆ ಆ ಬಟ್ಟೆಯನ್ನು ಅವರು ನನ್ನ ಕೈಗೆ ಕೊಡದೆ ತಾವೇ ಒಯ್ದು ನೆನೆಸಿಟ್ಟರು. ಆಗ ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

ಆಗ ನನ್ನ ಮನಸ್ಸಿನಲ್ಲಿ ಏನಿತ್ತು ಅಂತ ಇಂದು ನೆನಪು ಮಾಡಿಕೊಂಡರೆ ಎಲ್ಲ ಮಬ್ಬು. ದುಃಖ ಅಂತ ಹೇಳಲಾರೆ. ದುಃಖಪಡಲಿಕ್ಕೂ ಸ್ವಲ್ಪ ಶಕ್ತಿ ಬೇಕು. ಒಂದು ಹೆದರಿಕೆ ಮಾತ್ರ ಸ್ಪಷ್ಟವಾಗಿತ್ತು. ಇಷ್ಟು ವರ್ಷ ದಿನಾ ಕೂತವಳು ನಾನು, ಈಗ ಕೂರಲಾಗುತ್ತಿಲ್ಲ. ದೇವರು ಬಿಟ್ಟನೋ, ನಾನು ಬಿಟ್ಟೆನೋ? ಯಾರು ಬಿಟ್ಟರೂ ಹೋದದ್ದು ನನ್ನದೇ. ಅದೊಂದು ಹೋದರೆ ಉಳಿದದ್ದೆಲ್ಲ ಬರೀ ಅಡುಗೆ, ಪಾತ್ರೆ, ಬಟ್ಟೆ.

ಕ್ರಿಸ್ಮಸ್ಸಿಗೆ ಮುಂಚೆ ಹಾಡಿನ ಅಭ್ಯಾಸ ಶುರುವಾಯಿತು. ನಾನು ಹೆಂಗಸರ ಸಾಲಿನಲ್ಲಿ ಮೇಲಿನ ಸ್ವರ ಹಾಡುವವಳು. ಈ ಸಲ ಬಾಯಿ ತೆರೆದರೆ ಬೇರೆಯದೇ ಸ್ವರ ಬಂತು, ದಪ್ಪಗೆ, ಮಣ್ಣಿನ ಮೇಲೆ ಗೋಣಿ ಎಳೆದ ಹಾಗೆ. ಹಾಡಿಸುವ ಮಾಸ್ಟರು ಎರಡು ಸಲ ನಿಲ್ಲಿಸಿ, ಆಮೇಲೆ ಬಹಳ ಮರ್ಯಾದೆಯಿಂದ, “ತೆರೇಸಮ್ಮ, ಈ ವರ್ಷ ಆ ಕಡೆ ನಿಂತ್ಕೊಳ್ತೀರಾ?” ಅಂದರು. ಆ ಕಡೆ ಅಂದರೆ ಗಂಡಸರ ಕಡೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಶೀತ ಅಂದೆ. ಶೀತ ಇರಲಿಲ್ಲ.

ಹಬ್ಬಕ್ಕೆ ಮುಂಚಿನ ನಿವೇದನೆಗೆ ದೊಡ್ಡ ಸಾಲು. ಪಿಕ್ಕಿಂಗ್ ಕಾಲವಾದ್ದರಿಂದ ಲೈನ್ ಮನೆಗಳ ಆಳುಗಳೆಲ್ಲ ಕೆಲಸ ಬಿಟ್ಟು ನೇರ ಬಂದಿದ್ದರು. ನನ್ನ ಸರದಿ ಬಂದಾಗ ಜಾಲರಿಯ ಹತ್ತಿರ ಬಾಗಿ ಯಾವಾಗಿನಂತೆ ಶುರುಮಾಡಿದೆ. “ಫಾದರ್, ಆಲಸ್ಯ. ಪ್ರಾರ್ಥನೆ ಬಿಟ್ಟಿದ್ದೇನೆ. ಎಷ್ಟು ಪ್ರಯತ್ನಪಟ್ಟರೂ ಏಳಲಿಕ್ಕೆ ಆಗ್ತಾ ಇಲ್ಲ.”

ಆಚೆಯಿಂದ ಫಾದರ್ ಮೆತ್ತಗೆ ಕೇಳಿದರು. “ಕುಡಿಯುತ್ತೀಯಾ ಮಗನೇ?”

ನಾನು ಸುಮ್ಮನಾದೆ. ಅವರಿಗೆ ಅದು ಹೌದು ಅಂದ ಹಾಗೆ ಕೇಳಿಸಿರಬೇಕು.

“ನಾಚಿಕೆ ಬೇಡ. ಈ ಕಾಲದಲ್ಲಿ ಕೆಲಸವೂ ಹೆಚ್ಚು, ಚಳಿಯೂ ಹೆಚ್ಚು. ಮನೆಯಲ್ಲಿ ಹೆಂಡತಿಗೆ ಎಷ್ಟು ಕಷ್ಟ ಅಂತ ಒಂದು ಸಲ ಯೋಚನೆ ಮಾಡು.”

“ಫಾದರ್, ನಾನು ತೆರೇಸಾ” ಅಂದೆ. “ರೈಟರ್ ಜೋಸೆಫ್ ಹೆಂಡತಿ.”

ಅವರು ಮುಖ ಜಾಲರಿಗೆ ತೀರ ಹತ್ತಿರ ತಂದದ್ದು ಗೊತ್ತಾಯಿತು, ಉಸಿರು ಕೇಳಿಸಿತು.

“ಇನ್ನೊಂದು ಸಲ ಮಾತಾಡಮ್ಮ.”

“ಏನು ಮಾತಾಡ್ಲಿ ಫಾದರ್?”

“ಇಷ್ಟೇ ಸಾಕು.” ಆಮೇಲೆ ಕೇಳಿದರು, “ಈ ಸ್ವರ ಎಷ್ಟು ದಿನದಿಂದ?” ಗೊತ್ತಿಲ್ಲ ಅಂದೆ. ಚಳಿ ಆಗುತ್ತದಾ? ಆಗುತ್ತದೆ. ಪ್ರಾರ್ಥನೆ ಒಂದೇ ತಪ್ಪುತ್ತಿದೆಯಾ, ಅಡುಗೆ, ತೊಳೆಯುವುದು, ಸ್ನಾನ ಎಲ್ಲ ತಪ್ಪುತ್ತಿದೆಯಾ? ಆ ಪ್ರಶ್ನೆಯನ್ನು ಅಲ್ಲಿಯವರೆಗೆ ನನಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಎಲ್ಲವೂ ತಪ್ಪುತ್ತಿತ್ತು. ಎರಡು ದಿನ ತಲೆ ಬಾಚದೆ ಇದ್ದದ್ದೂ ಇತ್ತು. ಪ್ರಾರ್ಥನೆ ತಪ್ಪಿದ್ದನ್ನು ಮಾತ್ರ ನಾನು ಲೆಕ್ಕಕ್ಕೆ ತೆಗೆದುಕೊಂಡಿದ್ದೆ.

“ಪ್ರಾಯಶ್ಚಿತ್ತ ಕೊಡ್ತೇನೆ, ತಪ್ಪದೆ ಮಾಡಬೇಕು” ಅಂದರು ಫಾದರ್. “ಒಬ್ಬರು ಡಾಕ್ಟರನ್ನು ನೋಡಬೇಕು. ಹಬ್ಬದ ಮೊದಲೇ.”

“ಜಪ ಏನೂ ಬೇಡವಾ?”

“ಬೇಡ. ಇದೇ.”

ನಾನು ಗೂಡಿನಿಂದ ಹೊರಗೆ ಬಂದಾಗ ಸಾಲಿನಲ್ಲಿದ್ದವರು ನನ್ನ ಮುಖ ನೋಡಿದರು. ಅಷ್ಟು ಹೊತ್ತು ಒಳಗಿದ್ದರೆ ಏನೋ ದೊಡ್ಡದೇ ಇರಬೇಕು ಅಂದುಕೊಂಡಿರಬಹುದು.

ಆಸ್ಪತ್ರೆಗೆ ದೇಚಕ್ಕ ತಮ್ಮ ಜೀಪಿನಲ್ಲೇ ಕರೆದುಕೊಂಡು ಹೋದರು. ಜೋಸೆಫ್‌ಗೆ ತೂಕದ ಕೆಲಸ ಬಿಡಲು ಆಗುತ್ತಿರಲಿಲ್ಲ. ಕಾಯುವ ಕೋಣೆಯಲ್ಲಿ ಗೋಡೆಯುದ್ದಕ್ಕೂ ಬೆಂಚು. ಕಾಲಿಗೆ ಕತ್ತಿ ತಾಗಿದ ಒಬ್ಬ ಆಳು, ಕೆಮ್ಮುವ ಒಂದು ಮಗು, ಎಕ್ಸ್‌ರೇ ಕವರನ್ನು ಎದೆಗೆ ಒತ್ತಿಕೊಂಡ ಒಬ್ಬ ಅಜ್ಜ. ಅವರೆಲ್ಲರ ಕಾಯಿಲೆ ಕಣ್ಣಿಗೆ ಕಾಣುತ್ತಿತ್ತು. ನನಗೆ ಅಲ್ಲಿ ಕೂರಲು ನಾಚಿಕೆಯಾಯಿತು. ಸೋಮಾರಿತನಕ್ಕೆ ಚೀಟಿ ಮಾಡಿಸಿಕೊಂಡು ಬಂದವಳ ಹಾಗೆ.

“ಡಾಕ್ಟರ ಹತ್ರ ಏನು ಅಂತ ಹೇಳಲಿ ಅಕ್ಕ?”

“ಸುಮ್ಮನೆ ಗುಡ್ ಮಾರ್ನಿಂಗ್ ಅನ್ನು. ನಿನ್ನ ಸ್ವರ ಕೇಳಿದರೆ ಅವರಿಗೇ ಗೊತ್ತಾಗ್ತದೆ.”

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ನಾಡಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಕೈಯ ಚರ್ಮ ಉಜ್ಜಿ ನೋಡಿದರು. ಆಮೇಲೆ ಹಿಂದೆ ಬಂದು ನಿಂತು ಎರಡು ಕೈಯಿಂದ ಕುತ್ತಿಗೆ ಮುಟ್ಟಿ, ಉಗುಳು ನುಂಗಿ ಅಂದರು. ನುಂಗಿದೆ. ಇನ್ನೊಂದು ಸಲ. ನುಂಗಿದೆ. “ಪರೀಕ್ಷೆಗೆ ರಕ್ತ ಕೊಡಿ, ಒಂದು ಸ್ಕ್ಯಾನೂ ಮಾಡಿಸೋಣ” ಅಂದರು. ಸ್ಕ್ಯಾನ್ ಅಂದರೆ ಗಂಟು ಹುಡುಕಲಿಕ್ಕೇ ಅಂದುಕೊಂಡೆ. ಕುತ್ತಿಗೆಯಲ್ಲಿ ಗಂಟು ಅಂದರೆ ಏನು ಅಂತ ಎಲ್ಲರಿಗೂ ಗೊತ್ತಲ್ಲ. ನಾನು ಹೊರಗೆ ಬಂದ ಮೇಲೆ ದೇಚಕ್ಕ ಏನೂ ಕೇಳದೆ ಪಕ್ಕದ ಅಂಗಡಿಯಿಂದ ಎರಡು ಬಾಳೆಹಣ್ಣು ತಂದು ಒಂದನ್ನು ಸುಲಿದು ಕೈಗೆ ಕೊಟ್ಟರು. ರಿಪೋರ್ಟ್ ಬರುವವರೆಗೆ ಅದನ್ನು ಹಿಡಿದುಕೊಂಡೇ ಕೂತಿದ್ದೆ. ಪ್ರಾರ್ಥನೆ ಮಾಡೋಣ ಅಂದುಕೊಂಡರೆ ಬಾಯಿಗೆ ಒಂದು ಮಾತೂ ಬರಲಿಲ್ಲ. ಅದೂ ಆಲಸ್ಯವೇ ಇರಬೇಕು ಅನ್ನಿಸಿತು.

ಗಂಟು ಇರಲಿಲ್ಲ. ಥೈರಾಯ್ಡ್ ಗ್ರಂಥಿ ಕೆಲಸ ಬಹುಮಟ್ಟಿಗೆ ನಿಲ್ಲಿಸಿದೆ, ಇಷ್ಟು ದಿನ ನೀವು ಓಡಾಡಿಕೊಂಡಿದ್ದದ್ದೇ ಹೆಚ್ಚು ಅಂದರು ಡಾಕ್ಟರು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಚಿಕ್ಕ ಮಾತ್ರೆ, ಜೀವನಪರ್ಯಂತ. ದೇಚಕ್ಕ ಜೀಪಿನಲ್ಲಿ, “ಅಷ್ಟೇ ತಾನೇ” ಅಂದರು. ನಾನೂ ಅಷ್ಟೇ ಅಂದೆ. ಆದರೆ ಮನೆ ಮುಟ್ಟುವವರೆಗೆ ಒಂದೇ ಯೋಚನೆ. ಇದು ಕಾಯಿಲೆ ಆಗಿದ್ದರೆ ಇಷ್ಟು ತಿಂಗಳು ನಾನು ನಿವೇದಿಸಿದ್ದು ಯಾರ ಪಾಪ?

ಮಾತ್ರೆ ಶುರುವಾಗಿ ಪಿಕ್ಕಿಂಗ್ ಮುಗಿಯುವಷ್ಟರಲ್ಲಿ ನಾನು ಮನುಷ್ಯಳಾದೆ. ಮುಖ ಇಳಿಯಿತು. ಉಂಗುರ ಒಂದು ದಿನ ತಾನಾಗಿ ಕಳಚಿ ಪಾತ್ರೆ ತೊಳೆಯುವ ನೀರಿಗೆ ಬಿತ್ತು. ಐದಕ್ಕೆ ಎಚ್ಚರವಾಗತೊಡಗಿತು. ಗೋಣಿಯ ಮೇಲೆ ಕೂತು ಒಂದು ಇಡೀ ಅಧ್ಯಾಯ ಓದಿದ ದಿನ ಅಮ್ಮಚ್ಚಿಯನ್ನು ಎಬ್ಬಿಸಿ ಹೇಳಿದೆ. “ಓದಿದೆಯಾ ಮೋಳೆ, ಒಳ್ಳೇದಾಯ್ತು” ಅಂದು ಮಗ್ಗುಲು ಬದಲಿಸಿದರು. ನನ್ನ ಸಂತೋಷಕ್ಕೆ ನಾನೊಂದು ಹರಕೆ ಹೊತ್ತೆ. ಈ ಸಲದ ತಪಸ್ಸು ಕಾಲ ಪೂರ್ತಿ, ಈಸ್ಟರ್‌ವರೆಗಿನ ನಲವತ್ತು ದಿನ, ದಿನಾ ಬೆಳಗಿನ ಪೂಜೆಗೆ ಹೋಗುವುದು. ಕೃತಜ್ಞತೆಗೆ.

ದಿನಾ ಹೋದೆ. ಅಮ್ಮಚ್ಚಿಯೂ ಆದ ದಿನ ಬರುತ್ತಿದ್ದರು. ಆದರೆ ತಪಸ್ಸು ಕಾಲದ ನಡುವಿನಲ್ಲೇ ಚಳಿ ತಿರುಗಿ ಬಂತು. ಹೂಮಳೆ ಬಿದ್ದು ಇಡೀ ತೋಟ ಬೆಳ್ಳಗೆ ಕಾಫಿ ಹೂ ಬಿಟ್ಟಾಗ ನನಗೆ ಅದರ ಪರಿಮಳವೂ ತಲೆಭಾರ. ಡಾಕ್ಟರು ರಕ್ತ ನೋಡಿ, “ಮಾತ್ರೆ ದಿನಾ ತಗೊಳ್ತಿದ್ದೀರಾ?” ಅಂದರು. ದಿನಾ ಅಂದೆ. ಅದು ನಿಜವೇ. ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ಈಸ್ಟರ್ ಹೊತ್ತಿಗೆ ಇನ್ನೂ ಕೆಳಗಿಳಿದಿದ್ದೆ. ಪುನರುತ್ಥಾನದ ರಾತ್ರಿಯ ಪೂಜೆಯಲ್ಲಿ ಎಲ್ಲರೂ ಎದ್ದು ನಿಂತು ಹಾಡುವಾಗ ನಾನು ಎದ್ದು ನಿಲ್ಲಲಾರದೆ ಬೆಂಚಿನಲ್ಲಿ ಕೂತಿದ್ದೆ.

ಮೊದಲ ಸಲಕ್ಕಿಂತ ಇದು ಕೆಟ್ಟದಾಗಿತ್ತು. ಮೊದಲು ಪಾಪ ಅಂದುಕೊಂಡಿದ್ದೆ, ಆಮೇಲೆ ಕಾಯಿಲೆ ಅಂತಾಯಿತು. ಈಗ ಕಾಯಿಲೆಗೆ ಮಾತ್ರೆಯೂ ಇದೆ, ದೇವರಿಗೆ ಪೂಜೆಯೂ ಇದೆ, ಎರಡನ್ನೂ ತಪ್ಪಿಸುತ್ತಿಲ್ಲ, ಆದರೂ ಮುಳುಗುತ್ತಿದ್ದೇನೆ. ಹಾಗಾದರೆ ಮೊದಲು ಅಂದುಕೊಂಡದ್ದೇ ಸರಿಯೇ? ಹಬ್ಬ ಕಳೆದ ಸೋಮವಾರ ಸಂಜೆ, ಜಪಸರಕ್ಕೆ ಕೂರುವ ಹೊತ್ತಿಗೆ, ಮಣಿಸರವನ್ನು ಜೋಸೆಫ್ ಕೈಗೆ ಕೊಟ್ಟೆ.

“ಇನ್ನು ಮೇಲೆ ನೀವು ಹೇಳಿಸಿ. ನಾನು ಬಿಟ್ಟೆ.”

“ಇವತ್ತಿಗಾ?”

“ಎಲ್ಲ ಬಿಟ್ಟೆ. ಬೆಳಗಿನದೂ. ನನಗೂ ದೇವರಿಗೂ ಇನ್ನು ಸರಿಹೋಗುವುದಿಲ್ಲ.”

ಅವರು ನನ್ನ ಮುಖ ನೋಡಿದರು, ಅವರ ಅಮ್ಮನ ಮುಖ ನೋಡಿದರು. ಮದುವೆಯಾದಂದಿನಿಂದ ಅವರು ಉತ್ತರ ಹೇಳುವ ಕಡೆಯವರು, ಮುನ್ನಡೆಸಿದವರಲ್ಲ. ಗಂಟಲು ಸರಿಮಾಡಿಕೊಂಡು ಶುರುಮಾಡಿದರು, ಥೇಟ್ ಬೆಳಿಗ್ಗೆ ಹಾಜರಿ ಕರೆಯುವ ಧಾಟಿಯಲ್ಲಿ. “ದುಃಖದ ರಹಸ್ಯ. ಒಂದನೇದು.”

“ಎಡಾ, ಇವತ್ತು ಸೋಮವಾರ” ಅಂದರು ಅಮ್ಮಚ್ಚಿ.

“ಅದಕ್ಕೇನು?”

“ಸೋಮವಾರ ಸಂತೋಷದ ರಹಸ್ಯ, ದುಃಖದ್ದು ಮಂಗಳವಾರ. ಅದೂ ಈಸ್ಟರ್ ಮರುದಿನ ಅವನನ್ನು ಮತ್ತೆ ಶಿಲುಬೆಗೆ ಹಾಕ್ತೀಯಾ?”

ಜೋಸೆಫ್ ಸಂತೋಷಕ್ಕೆ ಬಂದರು. ಮಣಿ ಎಣಿಸುವಲ್ಲಿ ತಪ್ಪಿ ಹತ್ತು ಜಪದ ಒಂದು ಸುತ್ತಿಗೆ ಹನ್ನೆರಡೋ ಹದಿಮೂರೋ ಹೇಳಿಸಿದರು. ನಾನು ಉತ್ತರ ಹೇಳುವುದಿಲ್ಲ ಅಂತ ತೀರ್ಮಾನ ಮಾಡಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಆದರೆ ಅವರು ಅರ್ಧ ಹೇಳಿ ನಿಲ್ಲಿಸಿದಾಗ ಉಳಿದರ್ಧ ನನ್ನ ಬಾಯಿಂದ ತಾನಾಗಿ ಹೊರಟಿತು. ತಡೆಯಲು ನೋಡಿದೆ, ಆಗಲಿಲ್ಲ. ಇಷ್ಟು ವರ್ಷದ ರೂಢಿ. ಅದಕ್ಕೆ ನನ್ನ ಅನುಮತಿಯೇ ಬೇಕಿರಲಿಲ್ಲ. ಆ ವಾರವೆಲ್ಲ ಅವರು ತಪ್ಪು ತಪ್ಪಾಗಿ ಹೇಳಿಸುವುದು, ಅಮ್ಮಚ್ಚಿ ಬೈಯುವುದು, ನಾನು ಗೋಡೆಯ ಕಡೆಯಿಂದ ಉತ್ತರ ಹೇಳುವುದು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರು ರಿಪೋರ್ಟನ್ನು ಮೇಜಿನ ಮೇಲಿಟ್ಟು ಕೈ ಕಟ್ಟಿ ಕೂತರು. “ಇಷ್ಟು ಮಾತ್ರೆ ತಗೊಂಡು ಇದು ಹೀಗಿರಬಾರದು. ಈ ಎರಡು ತಿಂಗಳು ಎದ್ದಾಗಿನಿಂದ ಏನೇನು ಮಾಡ್ತಿದ್ದಿರಿ, ಒಂದೂ ಬಿಡದೆ ಹೇಳಿ.”

ಒಂದೂ ಬಿಡದೆ ಹೇಳುವುದು ನನಗೆ ಕಷ್ಟವಲ್ಲ. ಹೇಳಿದೆ. ಏಳುವುದು, ಮುಖ ತೊಳೆಯುವುದು, ಸೀರೆ ಉಡುವುದು, ದಾರಿಯಲ್ಲಿ ಆನೆ ಇಲ್ಲ ಅಂತ ತೋಟ ಕಾಯುವ ವಾಚರನ್ನು ಕೇಳಿಕೊಂಡು ಚರ್ಚಿಗೆ ಹೋಗುವುದು, ಪೂಜೆ, ಪರಮಪ್ರಸಾದ, ಅಲ್ಲಿ ಸ್ವಲ್ಪ ಹೊತ್ತು ಕೂರುವುದು, ಬಂದು ಅಮ್ಮಚ್ಚಿಗೂ ನನಗೂ ಕಾಫಿ ಕಾಯಿಸುವುದು.

“ಸರಿ. ಮಾತ್ರೆ ಎಲ್ಲಿ ಬಂತು?”

“ಕಾಫಿ ಜೊತೆಗೆ ಡಾಕ್ಟರ್.”

“ಕಾಫಿ ಜೊತೆಗಾ? ಎದ್ದ ಕೂಡಲೇ ನೀರಿನಲ್ಲಿ ಅಂತ ಹೇಳಿದ್ದೆನಲ್ಲ. ಮೊದಲು ಹಾಗೇ ತಗೊಳ್ತಿದ್ದಿರಿ.”

“ಆಗ ದಿನಾ ಪೂಜೆಗೆ ಹೋಗ್ತಿರಲಿಲ್ಲ. ಆಮೇಲೆ ಈಸ್ಟರ್‌ವರೆಗೆ ದಿನಾ ಹೋದೆ. ಪರಮಪ್ರಸಾದ ತಗೊಳ್ಳುವ ಮುಂಚೆ ಏನೂ ಬಾಯಿಗೆ ಹಾಕುವ ಹಾಗಿಲ್ಲವಲ್ಲ. ನೀರೂ ಸಹ. ಪೂಜೆ ಮುಗಿಯುವವರೆಗೂ ಹೊಟ್ಟೆ ಖಾಲಿಯೇ ಇರ್ತದೆ ಅಂತ...”

ಪರಮಪ್ರಸಾದ ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ ಅಂತ ಡಾಕ್ಟರಿಗೆ ನಾನು ವಿವರಿಸಬೇಕಾಯಿತು, ನನಗೆ ಕಾಫಿ ಏನು ಮಾಡುತ್ತದೆ ಅಂತ ಅವರು ವಿವರಿಸಬೇಕಾಯಿತು. ನಾವು ಬೆಳೆಯುವ, ಒಣಗಿಸುವ, ಕುಡಿಯುವ ಕಾಫಿ ಆ ಮಾತ್ರೆಯನ್ನು ಮೈಗೆ ಸೇರಲು ಬಿಡುತ್ತಿರಲಿಲ್ಲ. ನಾನು ಹೆಚ್ಚು ಹೆಚ್ಚು ಪೂಜೆಗೆ ಹೋದ ಹಾಗೆ ಔಷಧ ಕಡಿಮೆ ಕಡಿಮೆ ಸೇರುತ್ತಿತ್ತು. ಹರಕೆಯೇ ನನ್ನನ್ನು ಮಲಗಿಸಿತ್ತು. ಡಾಕ್ಟರು ನಗದೆ ಇರಲು ಪ್ರಯತ್ನಪಟ್ಟದ್ದು ಕಾಣಿಸಿತು. ನನಗೆ ನಗು ಬರಲಿಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕು ಅಂತ ತಿಳಿಯಲಿಲ್ಲ.

ಬರುವ ದಾರಿಯಲ್ಲಿ ಜೋಸೆಫ್ ಬೈಕನ್ನು ಚರ್ಚಿನ ಮುಂದೆ ನಿಲ್ಲಿಸಿದರು. ಫಾದರ್ ಅಂಗಳದಲ್ಲಿ ಗುಲಾಬಿ ಗಿಡದ ಕೊಂಬೆ ಕತ್ತರಿಸುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ ಕತ್ತರಿಯನ್ನು ಕೆಳಗಿಟ್ಟರು.

“ನೀರು ಕುಡಿದರೆ ಉಪವಾಸ ಮುರಿಯುವುದಿಲ್ಲ. ಔಷಧ ತಗೊಂಡರೂ ಇಲ್ಲ. ಈ ನಿಯಮ ಬಂದು ಎಷ್ಟೋ ಕಾಲವಾಯ್ತು. ನಿನಗೆ ನೀರೂ ಬೇಡ ಅಂತ ಹೇಳಿದವರು ಯಾರು?”

“ಅಮ್ಮಚ್ಚಿ.”

“ಹಾಗಾದರೆ ನಾನೇನೂ ಮಾಡಲಿಕ್ಕಾಗುವುದಿಲ್ಲ” ಅಂದು ನಕ್ಕರು.

ನನಗೆ ಇನ್ನೊಂದು ಕೇಳುವುದಿತ್ತು. ಜೋಸೆಫ್ ಬೈಕಿನ ಹತ್ತಿರ ಹೋದ ಮೇಲೆ ಕೇಳಿದೆ. “ಫಾದರ್, ಪ್ರಾರ್ಥನೆ ಬಿಟ್ಟುಹೋದದ್ದು ಗ್ರಂಥಿಯಿಂದ ಅಂತಾದರೆ, ಮೊದಲು ಪ್ರಾರ್ಥನೆಯಲ್ಲಿ ಆಗುತ್ತಿದ್ದ ಆ ಬೆಚ್ಚಗಿನದ್ದೂ ಗ್ರಂಥಿಯದೇ ಆಯ್ತಲ್ಲ? ಅದು ಚೆನ್ನಾಗಿತ್ತು, ನಾನೂ ಚೆನ್ನಾಗಿದ್ದೆ. ಅಷ್ಟೇನಾ? ದೇವರು ಎಲ್ಲಿದ್ದ ಅದರಲ್ಲಿ?”

ಅವರು ಕೈಗವಸು ಕಳಚಿ ಒಂದರೊಳಗೊಂದು ಸಿಕ್ಕಿಸಿದರು.

“ಗೊತ್ತಿಲ್ಲಮ್ಮ” ಅಂದರು. “ನನಗೆ ಅಂಥದ್ದು ಆಗದೆ ತುಂಬ ವರ್ಷ ಆಯ್ತು. ನನ್ನ ಗ್ರಂಥಿ ಸರಿಯಾಗೇ ಇದೆ, ಪರೀಕ್ಷೆ ಮಾಡಿಸಿದ್ದೇನೆ.”

“ಮತ್ತೆ ನೀವು ದಿನಾ...”

“ದಿನಾ ಪೂಜೆ ಮಾಡ್ತೇನೆ. ನೀವೆಲ್ಲ ಬಂದು ಕೂತಿರ್ತೀರಲ್ಲ.”

ಆ ಮಾತು ನನ್ನನ್ನು ಸಮಾಧಾನಪಡಿಸಿತು ಅಂತ ಬರೆದರೆ ಸುಳ್ಳಾಗುತ್ತದೆ. ಇನ್ನೂ ಗಲಿಬಿಲಿಯೇ ಆಯಿತು. ಫಾದರಿಗೂ ಏನೂ ಆಗುವುದಿಲ್ಲವಾದರೆ, ಆಗುತ್ತದೆ ಅಂತ ಮಕ್ಕಳಿಗೆ ನಾನು ಯಾವ ಧೈರ್ಯದ ಮೇಲೆ ಹೇಳುತ್ತಿದ್ದೆ? ಆದರೆ ಅಷ್ಟು ದಿನ ಆ ಕತ್ತಲೆಯಲ್ಲಿ ನಾನೊಬ್ಬಳೇ ಇದ್ದೇನೆ ಅಂದುಕೊಂಡಿದ್ದೆ. ಪೀಠದ ಆ ಕಡೆ ನಿಂತವರೂ ಅಲ್ಲೇ ಇದ್ದರು, ದಿನಾ.

ಮನೆಯಲ್ಲಿ ಅಮ್ಮಚ್ಚಿಗೆ ವಿಷಯ ಹೇಳಿದೆವು. ನಂಬಲಿಲ್ಲ. “ಫಾದರಿಗೇನು ಗೊತ್ತು, ಅವನು ಹುಡುಗ” ಅಂದರು. ಅವರು ಮೊದಲ ಪರಮಪ್ರಸಾದ ಪಡೆದ ಕಾಲದಲ್ಲಿ ಮಧ್ಯರಾತ್ರಿಯಿಂದ ನೀರೂ ಇರಲಿಲ್ಲವಂತೆ. ಬಾಯಿ ಮುಕ್ಕಳಿಸುವಾಗ ಒಂದು ಹನಿ ನುಂಗಿದೆ ಅಂತ ತಂಗಿ ಅತ್ತುಕೊಂಡು ಮನೆಗೆ ತಿರುಗಿ ಹೋದದ್ದನ್ನು ಹೇಳಿದರು. ನಾನು ವಾದ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಕತ್ತಲಲ್ಲಿ ತಡಕಾಡಿ ಎದ್ದರೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಒಂದು ಲೋಟ ನೀರು, ಮೇಲೆ ತಟ್ಟೆ ಮುಚ್ಚಿತ್ತು. ಅಮ್ಮಚ್ಚಿ ಆಚೆಯ ಮಂಚದಲ್ಲಿ ಬೆನ್ನು ತಿರುಗಿಸಿ ಮಲಗಿದ್ದರು.

“ನಾನು ನೋಡ್ತಾ ಇಲ್ಲ” ಅಂದರು. “ಬೇಗ ನುಂಗು.”

ಈಗ ರಕ್ತ ಸರಿಯಾಗಿದೆ. ಡಾಕ್ಟರು ವರ್ಷಕ್ಕೆ ಎರಡು ಸಲ ಬನ್ನಿ ಅಂದಿದ್ದಾರೆ. ಹೆಂಗಸರ ಸಾಲಿನಲ್ಲೇ ನಿಂತು ಹಾಡುತ್ತೇನೆ, ತೀರ ಮೇಲಿನ ಸ್ವರ ಮಾತ್ರ ಬೇರೆಯವರಿಗೆ ಬಿಟ್ಟಿದ್ದೇನೆ. ಆದರೂ ಯಾವುದು ಆಲಸ್ಯ, ಯಾವುದು ಕಾಯಿಲೆ ಅಂತ ಬಿಡಿಸಿ ನೋಡಲು ಈಗಲೂ ನನಗೆ ಬರುವುದಿಲ್ಲ. ಒಂದು ಬೆಳಿಗ್ಗೆ ಏಳಲು ಮನಸ್ಸಾಗದಿದ್ದರೆ ಎರಡೂ ಹೆದರಿಕೆ ಒಟ್ಟಿಗೆ ಬರುತ್ತವೆ. ಪರೀಕ್ಷೆಗೆ ರಕ್ತ ಕೊಡಬೇಕೋ, ನಿವೇದನೆಗೆ ಹೋಗಬೇಕೋ? ನನ್ನ ಹಾಗೆ ಯಾರಾದರೂ ಹಾಸಿಗೆಯಲ್ಲಿ ಮಲಗಿ ತಮ್ಮನ್ನೇ ಬೈದುಕೊಳ್ಳುತ್ತಿದ್ದರೆ ನಾನು ಹೇಳುವುದು ಇಷ್ಟೇ: ಮೊದಲು ರಕ್ತ ಕೊಡಿ. ಪಾಪವಾಗಿದ್ದರೆ ಅದು ಎಲ್ಲಿಗೂ ಹೋಗುವುದಿಲ್ಲ, ಆಮೇಲೂ ನಿವೇದಿಸಬಹುದು.

ಸಂಜೆಯ ಜಪಸರವನ್ನು ತಿರುಗಿ ನನಗೆ ಕೊಡಲು ಜೋಸೆಫ್ ಒಪ್ಪಲಿಲ್ಲ. ಕೊನೆಗೆ ಒಂದು ದಿನ ಅವರು, ಒಂದು ದಿನ ನಾನು ಅಂತಾಯಿತು. ಬೆಳಗಿನದು ಮಾತ್ರ ನನ್ನದೇ. ಮಾತ್ರೆ ನುಂಗಿ, ಪೂಜೆ ಇಲ್ಲದ ದಿನ ಗೋಣಿಯ ಮೇಲೆ ಕೂರುತ್ತೇನೆ. ಓದುತ್ತೇನೆ. ಆಮೇಲೆ ಸುಮ್ಮನಿರುತ್ತೇನೆ. ಆ ಬೆಚ್ಚಗಿನ ಜಾಗ ತಿರುಗಿ ತೆರೆದಿಲ್ಲ.

ಮೊನ್ನೆ ಹಾಗೆ ಕೂತು ಎದ್ದು ಬಂದಾಗ ಜೋಸೆಫ್ ಹಾಜರಿಗೆ ಹೊರಡಲು ಬಾಗಿಲಲ್ಲಿ ಬೂಟು ಕಟ್ಟುತ್ತಿದ್ದರು. ತಲೆ ಎತ್ತದೆ ಕೇಳಿದರು.

“ಏನಾದರೂ ಆಯ್ತಾ ಇವತ್ತು?”

“ಇಲ್ಲ.”

“ನಿನ್ನೆ?”

“ನಿನ್ನೆಯೂ ಇಲ್ಲ.”

“ಮತ್ತೆ?”

“ಮತ್ತೆ ಏನು,” ಅಂದೆ, “ನಾಳೆ ಕೂತು ನೋಡುವ.”